ಒಳಗೆ ಯಾರೂ ಇಲ್ಲ

ನಿವೃತ್ತರಾದ ನಾವು ಕೆಲವು ಉಪನ್ಯಾಸಕರು ಸೇರಿ ಒಂದು ವಾಟ್ಸ್ಯಾಪ್ ಗುಂಪು ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ಪಿಂಚಣಿಯ ಸುದ್ದಿ, ನಡುವೆ ಯಾರಾದರೂ ತೀರಿಕೊಂಡರೆ ‘ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ’ ಎಂಬ ಸಾಲು, ಇಷ್ಟು ಅದರ ದಿನಚರಿ. ಈ ಕೊನೆಯದಕ್ಕೆ ಮಾತ್ರ ಒಂದು ಕಂಟಕವಿತ್ತು. ನಾಲ್ಕಾರು ಜನ ಶಾಂತಿ ಕೋರುವಷ್ಟರಲ್ಲಿ ನಮ್ಮ ಭೌತಶಾಸ್ತ್ರದ ಸರ್ ಪ್ರತ್ಯಕ್ಷರಾಗಿ, ‘ಯಾವ ಆತ್ಮ? ದೇಹದ ಯಾವ ಭಾಗದಲ್ಲಿತ್ತು?’ ಎಂದು ಬರೆದುಬಿಡುತ್ತಿದ್ದರು. ಗುಂಪಿನ ಯಜಮಾನಿಕೆ ವಹಿಸಿದವರು ಅವರನ್ನು ಹೊರಗೆ ಹಾಕುವುದು, ಹಬ್ಬ ಬಂದಾಗ ಹೋಗಲಿ ಪಾಪ ಎಂದು ಮತ್ತೆ ಸೇರಿಸಿಕೊಳ್ಳುವುದು ನಡೆದೇ ಇತ್ತು.

ಈಚೆಗೆ ಸರ್ ಅವರೇ ತೀರಿಕೊಂಡರು. ಗುಂಪಿನಲ್ಲಿ ಎಲ್ಲರೂ ನಿರಾತಂಕವಾಗಿ ಅವರ ಆತ್ಮಕ್ಕೆ ಶಾಂತಿ ಕೋರಿದರು. ಬದುಕಿದ್ದಾಗ ಅವರಿಂದ ಬೈಸಿಕೊಂಡವರು ಎರಡೆರಡು ಸಲ ಕೋರಿದರು. ನಾನು ಮೊಬೈಲು ಹಿಡಿದುಕೊಂಡು, ಈಗ ಬರುತ್ತದೆ ಪ್ರಶ್ನೆ, ಈಗ ಬರುತ್ತದೆ ಎಂದು ಎಷ್ಟೋ ಹೊತ್ತು ಕಾದೆ. ಬರಲಿಲ್ಲ. ಅವರು ಸತ್ತದ್ದು ನನಗೆ ಖಾತ್ರಿಯಾದದ್ದು ಆಗಲೇ.

ನಾನು ತರ್ಕಶಾಸ್ತ್ರದವನು. ನಮ್ಮ ಕಡೆಯ ಪಿಯು ಕಾಲೇಜುಗಳಲ್ಲಿ ತರ್ಕಶಾಸ್ತ್ರ ತೆಗೆದುಕೊಳ್ಳುವವರು ಬೇರೇನೂ ಸಿಗದವರು. ಕಲಿಸುವವರೂ ಹೆಚ್ಚುಕಡಿಮೆ ಅಂಥವರೇ. ಹುಡುಗರಿಲ್ಲದ ವರ್ಷ ನನಗೆ ರಾಜ್ಯಶಾಸ್ತ್ರ ಕಲಿಸಲು ಹೇಳುತ್ತಿದ್ದರು, ಅದೂ ಇಲ್ಲದಾಗ ಗ್ರಂಥಾಲಯದ ಬೀಗದ ಕೈ ಕೊಡುತ್ತಿದ್ದರು. ಸರ್‌ಗೂ ನನಗೂ ಜೇವರ್ಗಿಯಲ್ಲಿ ಪರಿಚಯವಾಯಿತು, ಅಫಜಲಪುರದಲ್ಲಿ ಜಗಳವಾಯಿತು, ಆಳಂದದಲ್ಲಿ ಸ್ನೇಹವಾಯಿತು. ವರ್ಗಾವಣೆ ಎಂಬುದು ನಮ್ಮಿಬ್ಬರನ್ನು ಒಂದೇ ದಾರಕ್ಕೆ ಕಟ್ಟಿ ಎಳೆದಾಡಿತು. ಕೊನೆಗೆ ಆಳಂದದಲ್ಲಿ ಒಂದೇ ಓಣಿಯಲ್ಲಿ ಮನೆ ಮಾಡಿಕೊಂಡೆವು.

ಸರ್ ಎತ್ತರದ ಆಳು, ನುಣ್ಣನೆಯ ಬೋಳುತಲೆ. ಅವರ ತತ್ವಶಾಸ್ತ್ರವೆಲ್ಲ ಒಂದು ಕೈಸನ್ನೆಯಲ್ಲಿ ಮುಗಿಯುತ್ತಿತ್ತು. ಮೊದಲು ಬೆರಳ ಗೆಣ್ಣಿನಿಂದ ಮೇಜನ್ನು ಟಕಟಕ ಕುಟ್ಟುವರು. ಆಮೇಲೆ ಅದೇ ಗೆಣ್ಣಿನಿಂದ ತಮ್ಮ ತಲೆಯನ್ನು ಕುಟ್ಟುವರು. “ಎರಡೂ ಒಂದೇ ಮಾಲ್ರಿ. ಅದು ಒಣಾ ಮಾಲು, ಇದು ಹಸಿ ಮಾಲು,” ಎನ್ನುವರು. ಮನಸ್ಸು, ಪ್ರಜ್ಞೆ, ಚೈತನ್ಯ, ಅಂತರಂಗ, ಇವೆಲ್ಲ ಅವರ ಲೆಕ್ಕದಲ್ಲಿ ಮಿದುಳಿನ ಬೆವರು. ಮೈ ದಣಿದಾಗ ಬೆವರು ಬರುವಂತೆ ಮಿದುಳು ದಣಿದಾಗ ವಿಚಾರ ಬರುತ್ತದೆ ಎನ್ನುತ್ತಿದ್ದರು. ಹಾಗಾದರೆ ನಮ್ಮ ಪ್ರಿನ್ಸಿಪಾಲರಿಗೆ ಯಾಕೆ ಬರುವುದಿಲ್ಲ ಎಂದು ನಾನು ಕೇಳಿದ್ದೆ. ನೆರಳಿನಲ್ಲಿ ಕೂತವರಿಗೆ ಬೆವರು ಎಲ್ಲಿಂದ ಬರಬೇಕು ಎಂದರು.

ಜೇವರ್ಗಿಯಲ್ಲಿ ಕೆಲಕಾಲ ಅವರೇ ಪ್ರಭಾರ ಪ್ರಿನ್ಸಿಪಾಲರಾಗಿದ್ದರು. ಹಿಂದಿ ಕಲಿಸುತ್ತಿದ್ದ ಸಹೋದ್ಯೋಗಿಯೊಬ್ಬರು ಮನಸ್ಸಿಗೆ ಸಮಾಧಾನವಿಲ್ಲದ ಕಾರಣ ರಜೆ ಬೇಕೆಂದು ಅರ್ಜಿ ಕೊಟ್ಟರು. ಇಲ್ಲದ ಅಂಗದ ಕಾಯಿಲೆಗೆ ರಜೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂದು ಸರ್ ತಿರಸ್ಕರಿಸಿದರು. ಹಿಂದಿಯವರು ಮರುದಿನ ಭೇದಿ ಎಂದು ಬರೆದುಕೊಟ್ಟರು. ತಕ್ಷಣ ಮಂಜೂರಾಯಿತು. ಅಂದಿನಿಂದ ನಮ್ಮ ಕಾಲೇಜಿನಲ್ಲಿ ಮಗಳ ಮದುವೆ, ಹೊಲದ ತಕರಾರು, ಅತ್ತೆಯ ಮನೆಯ ಹಬ್ಬ, ಏನೇ ಇದ್ದರೂ ಎಲ್ಲರಿಗೂ ಭೇದಿಯೇ. ಪರಿಶೀಲನೆಗೆ ಬಂದ ಅಧಿಕಾರಿ ರಜೆಯ ಅರ್ಜಿಗಳನ್ನು ನೋಡಿ ಗಾಬರಿಯಾಗಿ, ಕಾಲೇಜಿನ ನೀರಿನ ಟಾಕಿ ತೊಳೆಸಲು ಆದೇಶ ಮಾಡಿ ಹೋದರು.

ಅಫಜಲಪುರಕ್ಕೆ ಬಂದ ಮೇಲೆ ಒಂದು ಶ್ರಾವಣದಲ್ಲಿ ಭೀಮಾ ದಂಡೆಯ ಮಣ್ಣೂರಿನಲ್ಲಿ ಪ್ರವಚನ ಕೇಳಲು ಹೋದೆವು. ಕೇಳಲು ಹೋದವನು ನಾನು, ಕೆಣಕಲು ಬಂದವರು ಅವರು. ಪ್ರವಚನ ಮಾಡುತ್ತಿದ್ದವರು ಇನ್ನೂ ಎಳೆಯ ವಯಸ್ಸಿನ ಸ್ವಾಮಿಗಳು, ಒಳ್ಳೆಯ ಕಂಠ. ಈ ಕಂಬ, ಈ ಚಪ್ಪರ, ಅಲ್ಲಿ ಹರಿಯುವ ಹೊಳೆ, ಎಲ್ಲವೂ ಚೈತನ್ಯದ ಆಟ, ಜಡವೆಂಬುದು ಬರಿಯ ಕಣ್ಣಿನ ಮೋಸ ಎಂದು ಅವರು ಹೇಳುತ್ತಿರುವಾಗಲೇ ಮೈಕು ಸತ್ತಿತು, ದೀಪಗಳು ಆರಿದವು. ಹಿಂದಿನ ಸಾಲಿನಿಂದ ನಮ್ಮ ಸರ್ ಎದ್ದು ನಿಂತರು.

“ಅಪ್ಪೋರೇ, ಈಗ ಹೋಗಿದ್ದು ಚೈತನ್ಯನೋ, ಕರೆಂಟೋ?”

ಜನ ಹೋ ಎಂದು ನಕ್ಕರು. ಸ್ವಾಮಿಗಳು ದಡ್ಡರಿರಲಿಲ್ಲ. “ಕರೆಂಟೇ ಹೋಗ್ಯದರಿ ಸರ್,” ಎಂದರು. “ಆದ್ರ ಹೋಗ್ಯದಂತ ತಿಳಿದಿದ್ದು ಯಾರಿಗೆ? ತಂತಿಗೋ, ನಿಮಗೋ?”

“ನನಗ. ನಾನೂ ಒಂದು ತಂತಿನೇ,” ಎಂದರು ಸರ್.

ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ನಮ್ಮ ಮಂದಿಗೆ ವಾದ ಬೇಕು, ತೀರ್ಮಾನ ಬೇಡ. ಕಮಿಟಿಯವರು ಇಬ್ಬರಿಗೂ ಒಂದೇ ಬಣ್ಣದ ಶಾಲು ಹೊದಿಸಿ, ಒಂದೇ ಗಾತ್ರದ ತೆಂಗಿನಕಾಯಿ ಕೊಟ್ಟರು. ಮರಳಿ ಬರುವಾಗ ದಾರಿಯಲ್ಲಿ ಅವರ ಹಳೆಯ ಸ್ಕೂಟರು ನಿಂತಿತು. ಸುತ್ತಲೂ ಎರೆಹೊಲ, ಮೇಲಿಂದ ಜಿಟಿಜಿಟಿ ಮಳೆ. ಕಿಕ್ ಹೊಡೆದೂ ಹೊಡೆದೂ ಸುಸ್ತಾಗಿ, ಕೊನೆಗೆ ಅವರು ಹ್ಯಾಂಡಲ್ ಸವರುತ್ತ, “ನಮ್ಮವ್ವ, ಊರು ಮುಟ್ಟೋ ತನಕ ಕೈ ಬಿಡಬ್ಯಾಡ,” ಎಂದರು. ಸರ್, ಯಾರ ಜೋಡಿ ಮಾತಾಡುತ್ತಿದ್ದೀರಿ ಎಂದು ಕೇಳಿದೆ. ಅದು ಮಾತಲ್ಲ, ಗಂಟಲಿನ ಸ್ನಾಯುಗಳ ಹಳೆಯ ಚಾಳಿ ಎಂದು ಉತ್ತರ ಬಂತು. ಸ್ಕೂಟರು ಮಾತ್ರ ಮುಂದಿನ ಕಿಕ್ಕಿಗೆ ಶುರುವಾಯಿತು. ಈ ಬಗ್ಗೆ ನಮ್ಮಿಬ್ಬರಿಗೂ ಹತ್ತಿದ ಜಗಳ ಆಳಂದಕ್ಕೆ ವರ್ಗವಾಗುವವರೆಗೆ ಮುಗಿಯಲಿಲ್ಲ.

ಇಂಥವರ ಕೈ ಹಿಡಿದವರನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವರು ಭೂಸನೂರಿನವರು, ಕಬ್ಬು ಬೆಳೆಯುವ ಮನೆತನದ ಮಗಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂಥ ಜೋಡಿ. ಸರ್ ಲೆಕ್ಕದಲ್ಲಿ ಮನುಷ್ಯರಿಗೂ ಮನಸ್ಸಿರಲಿಲ್ಲ. ವೈನಿಯ ಲೆಕ್ಕದಲ್ಲಿ ಹಂಚಿಗೂ ಇತ್ತು. ಹಾಲು ಕಾಯಿಸಲು ಇಟ್ಟು, ಉಕ್ಕಬೇಡ, ಈಗ ಬಂದೆ ಎಂದು ಹಾಲಿಗೆ ಹೇಳಿ ಹಿತ್ತಲಿಗೆ ಹೋಗುವರು. ರೊಟ್ಟಿ ಉಬ್ಬದಿದ್ದರೆ ಹಂಚಿಗೆ ಸಿಟ್ಟು ಬಂದಿದೆ ಎನ್ನುವರು. ಕಲಬುರಗಿಗೆ ಹೋಗಬೇಕಾದರೆ ಬೀಗ ಹಾಕಿ, ಬಾಗಿಲಿಗೆ ಹುಷಾರು ಎಂದು ಹೇಳದೆ ಹೊರಡುತ್ತಿರಲಿಲ್ಲ. ಸರ್ ಪ್ರತಿಸಲ ಅವರನ್ನು ತಿದ್ದುವರು, ವೈನಿ ಪ್ರತಿಸಲ ಕೇಳಿಸಿಕೊಳ್ಳದೆ ಮುಂದಿನ ಕೆಲಸಕ್ಕೆ ಹೋಗುವರು. ಒಮ್ಮೆ ಮಾತ್ರ ನನ್ನೆದುರೇ ತಿರುಗಿ ನಿಂತು ಕೇಳಿದರು: “ಮನಸ್ಸೇ ಇಲ್ಲಂದ್ರ, ನನ್ನ ಮ್ಯಾಲಿನ ಸಿಟ್ಟೆಲ್ಲಾ ಎಲ್ಲಿ ಇಟ್ಕೋತೀರಿ? ಟ್ರಂಕಿನಾಗೇನು?” ಸರ್ ನಕ್ಕುಬಿಟ್ಟರು. ವಾದದಲ್ಲಿ ಅವರನ್ನು ಬೇರೆ ಯಾರೂ ನಗಿಸಿದ್ದನ್ನು ನಾನು ನೋಡಲಿಲ್ಲ. ಮಕ್ಕಳಿರಲಿಲ್ಲ ಅವರಿಗೆ. ಜಗಳವೇ ಮನೆಯ ಮಗುವಾಗಿ ಬೆಳೆದಿತ್ತು.

ಸರ್ ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ, ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದ ವೈನಿ ಒಂದು ಬದಿಗೆ ವಾಲಿದರು. ಕಲಬುರಗಿಯ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಉಸಿರು ಉಳಿಯಿತು, ಕಣ್ಣು ತೆರೆಯಿತು, ಆದರೆ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಡಾಕ್ಟರು ನಮ್ಮ ಜೇವರ್ಗಿ ಕಾಲೇಜಿನ ಹುಡುಗ, ಸರ್ ಅವರ ಶಿಷ್ಯ. ಗುರುಗಳನ್ನು ಕೂಡಿಸಿ ಬಹಳ ಗೌರವದಿಂದ ಹೇಳಿದ. ಮಿದುಳಿನ ಮುಖ್ಯ ಭಾಗ ಹೋಗಿದೆ, ಉಳಿದದ್ದು ಬರೀ ಪ್ರತಿಕ್ರಿಯೆ, ಅವರಿಗೆ ಅರಿವು ಇರುವ ಲಕ್ಷಣ ಕಾಣುತ್ತಿಲ್ಲ, ಮನೆಗೆ ಕರೆದೊಯ್ದು ನೋಡಿಕೊಳ್ಳಿ ಎಂದ. ಕೊನೆಗೆ, “ನಿಮಗ ನಾ ಏನ್ ಹೇಳ್ಲಿ ಸರ್. ಇದೆಲ್ಲಾ ನಮಗ ಕಲಿಸಿದವ್ರು ನೀವೇ,” ಎಂದ. ಸರ್ ತಲೆಯಾಡಿಸಿದರು. ಹೌದು, ಸರಿಯಾಗಿ ಹೇಳಿದಿ ಎಂದು ಶಿಷ್ಯನ ಬೆನ್ನು ತಟ್ಟಿದರು. ನಾನು ಪಕ್ಕದಲ್ಲೇ ಇದ್ದೆ. ತಟ್ಟಿದ ಕೈಯನ್ನು ಅಲ್ಲಿಂದ ತೆಗೆಯುವುದನ್ನೇ ಅವರು ಮರೆತರು. ಅದನ್ನು ನೋಡಿ ನನಗೆ ಅಳು ಬಂತು.

ಮನೆಗೆ ಬಂದ ಮೇಲೆ ಶುರುವಾಯಿತು ನಿಜವಾದ ತಾಪತ್ರಯ. ನಮ್ಮ ಕಡೆ ಕಾಯಿಲೆಯವರನ್ನು ನೋಡಿ ಬರುವುದಿಲ್ಲ, ಮಾತಾಡಿಸಿ ಬರುತ್ತಾರೆ. ಮಾತಾಡಿಸದೆ ಬಂದರೆ ಹೋದಂತೆ ಲೆಕ್ಕವಿಲ್ಲ. ಭೂಸನೂರಿನಿಂದ ಟಂಟಂ ತುಂಬಿಕೊಂಡು ತವರಿನವರು ಬಂದರು, ಓಣಿಯವರು ಬಂದರು, ಹಳೆಯ ಕಾಲೇಜುಗಳವರು ಬಂದರು. ಪ್ರತಿಯೊಬ್ಬರ ಕೈಯಲ್ಲೂ ಬಾಳೆಹಣ್ಣು, ಬಿಸ್ಕತ್ತಿನ ಪುಡಿಕೆ. ಮೂಗಿನ ನಳಿಕೆಯಲ್ಲಿ ಅಂಬಲಿ ಇಳಿಸಿಕೊಳ್ಳುವವರಿಗೆ ಬಿಸ್ಕತ್ತು ಯಾಕೆ ಎಂದು ಯಾರೂ ಯೋಚಿಸಲಿಲ್ಲ. ಯಾರೋ ಜಿಡಗಾದ ಮಠದಿಂದ ವಿಭೂತಿ ತಂದು ಹಣೆಗೆ ಹಚ್ಚಿದರು. ಸರ್ ಅದಕ್ಕೆ ತಕರಾರು ಮಾಡಲಿಲ್ಲ. ಒಳ್ಳೆಯ ಬೂದಿ, ಸೊಳ್ಳೆ ಕೂಡುವುದಿಲ್ಲ ಎಂದರು. ಅವರಿಗೆ ಮೈ ಉರಿಯುತ್ತಿದ್ದುದು ಮಾತಿಗೆ. ಬಂದವರೆಲ್ಲ ಮಂಚದ ಬಳಿ ಬಾಗಿ, ಅಕ್ಕಾ, ನಾ ಬಂದೀನಿ, ಗುರುತು ಸಿಕ್ಕಿತೇನು ಎಂದು ಕೇಳುವರು. ರೆಪ್ಪೆ ತಾನಾಗಿ ಬಡಿದರೆ, ನೋಡ್ರಿ, ಗುರುತು ಹಿಡಿದಳು ಎನ್ನುವರು. ಎಲ್ಲರಿಗಿಂತ ದೊಡ್ಡ ದನಿ ವೈನಿಯ ಹಿರಿಯ ಅಣ್ಣನದು. ನಮ್ಮ ತಂಗಿಗೆ ಎಲ್ಲಾ ತಿಳಿಯುತ್ತದೆ, ಬಾಯಿ ಮಾತ್ರ ಇಲ್ಲ ಎಂದು ಸಾರಿ ಸಾರಿ ಹೇಳುತ್ತಿದ್ದರು.

ಸರ್‌ಗೆ ತಡೆಯಲಾಗಲಿಲ್ಲ. ಆ ಕೋಣೆಯೇ ತರಗತಿಯಾಯಿತು. ಬಂದವರನ್ನು ಮಂಚದ ಸುತ್ತ ನಿಲ್ಲಿಸಿ, ವೈನಿಯ ಕಣ್ಣಿಗೆ ಬ್ಯಾಟರಿ ಬೆಳಕು ಬಿಟ್ಟು ತೋರಿಸುವರು. ಮೊಣಕಾಲಿನ ಚಿಪ್ಪಿನ ಕೆಳಗೆ ಮೆಲ್ಲಗೆ ಬಡಿದು, ಕಾಲು ಹಾರುವುದನ್ನು ತೋರಿಸುವರು. ಕಪ್ಪೆಗೂ ಹೀಗೇ ಆಗುತ್ತದೆ, ಇದಕ್ಕೆ ಅರಿವು ಬೇಕಾಗಿಲ್ಲ ಎಂದು ವಿವರಿಸುವರು. ಕೊನೆಗೆ ಮಂಚದ ಕಟ್ಟಿಗೆಯನ್ನು ಗೆಣ್ಣಿನಿಂದ ಕುಟ್ಟಿ, “ಒಳಗ ಯಾರೂ ಇಲ್ರಿ,” ಎನ್ನುವರು. ಜನ ಬಿಸ್ಕತ್ತು ತಿನ್ನುತ್ತ ಭಕ್ತಿಯಿಂದ ಕೇಳುವರು. ಪಾಠ ಮುಗಿದ ಮೇಲೆ ವೈನಿಯ ಕಡೆ ತಿರುಗಿ, ಬರ್ತೀವಿ ಅಕ್ಕಾ, ಹುಷಾರು ಎಂದು ಹೇಳಿ ಹೋಗುವರು. ಹುಡುಗರಿಗೆ ಭೌತಶಾಸ್ತ್ರ ಕಲಿಸಿದಷ್ಟು ಸುಲಭವಾಗಿರಲಿಲ್ಲ ಇದು.

ಇದನ್ನು ಓದಿ ಅವರು ಕಟುಕರೆಂದು ಯಾರೂ ತಿಳಿಯಬಾರದು. ವೈನಿಯ ಮೈ ಒರೆಸುವುದು, ಮಗ್ಗಲು ಬದಲಿಸುವುದು, ಬಟ್ಟೆ ಒಗೆಯುವುದು, ಎಲ್ಲ ಅವರೇ. ಬೆನ್ನಿಗೆ ಒಂದು ಹುಣ್ಣು ಏಳಲು ಬಿಡಲಿಲ್ಲ. ತಲೆ ಬಾಚಿ ಹೆರಳು ಹಾಕುವುದನ್ನು ಪಕ್ಕದ ಮನೆಯ ಮಹಬೂಬಿಯಿಂದ ಕಲಿತರು. ಮೊದಮೊದಲು ಆ ಹೆರಳು ಕಬ್ಬಿನ ಹೊರೆ ಕಟ್ಟಿದಂತೆ ಕಾಣುತ್ತಿತ್ತು. ಅಷ್ಟು ಮಾಡಿಯೂ ಬಾಯಲ್ಲಿ ಅದೇ ಮಾತು. ಯಂತ್ರ ಚಾಲೂ ಇದೆ, ನೋಡಿಕೊಳ್ಳಬೇಕು, ಅಷ್ಟೇ ಎನ್ನುವರು.

ಮಹಬೂಬಿ ವೈನಿಗೆ ಬಹಳ ವರ್ಷದ ಗೆಳತಿ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಮಧ್ಯಾಹ್ನ ಕೆಲಸ ಬಿಟ್ಟು ಬಂದು ಮಂಚದ ಪಕ್ಕ ಕೂತು, ಮೊದಲಿನ ಹಾಗೆಯೇ ಓಣಿಯ ಸುದ್ದಿಯನ್ನೆಲ್ಲ ವೈನಿಗೆ ಹೇಳುವಳು. ಯಾರ ಸೊಸೆ ಮುನಿಸಿಕೊಂಡಳು, ಯಾರ ಮನೆಯ ನಳ ಕಿತ್ತರು, ಎಲ್ಲ. ನಡುನಡುವೆ ನಿಂತು, ಹೌದಲ್ಲೇನು ಎಂದು ಕೇಳುವಳು, ಉತ್ತರ ಸಿಕ್ಕವಳಂತೆ ಮುಂದುವರಿಯುವಳು. ಇದು ಸರ್‌ಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತು. ಒಂದು ದಿನ ನಾನಿದ್ದಾಗಲೇ, ಅವಳಿಗೆ ಒಂದು ಅಕ್ಷರವೂ ತಿಳಿಯುವುದಿಲ್ಲ, ಯಾಕೆ ಖಾಲಿಪೀಲಿ ಗಂಟಲು ಒಣಗಿಸಿಕೊಳ್ಳುತ್ತಿ ಎಂದು ಗದರಿದರು.

ಮಹಬೂಬಿ ಸಿಟ್ಟಾಗಲಿಲ್ಲ. “ಸರ್, ನೀವು ಹೇಳೋದು ನನಗೂ ಇಷ್ಟು ವರ್ಷ ಒಂದೂ ತಿಳಿದಿಲ್ರಿ,” ಎಂದಳು. “ಹಂಗಂತ ನೀವು ಹೇಳೋದು ಬಿಟ್ಟೀರೇನು?” ಆಮೇಲೆ ವೈನಿಯ ಕಡೆ ತಿರುಗಿ, ಸೀರೆಯ ಸೆರಗು ಸರಿ ಮಾಡುತ್ತ, “ಕೇಳಿದೇನಕ್ಕ, ನೀ ಇಲ್ಲೇ ಇಲ್ಲಂತ ನಿನ್ನ ಗಂಡ ದಿನಾ ನಿನ್ನ ಮುಂದನೇ ಹೇಳಾಕತ್ತಾರ. ನೀನೂ ಸುಮ್ಕ ಕೇಳ್ಕೋತ ಬಿದ್ದೀದಿ. ಮೊದಲಾಗಿದ್ರ ಲಟ್ಟಣಿಗಿ ತಗೋತಿದ್ದಿ,” ಎಂದಳು.

ಸಿನಿಮಾ ಆಗಿದ್ದರೆ ಆಗ ವೈನಿಯ ಕಣ್ಣಂಚಿನಲ್ಲಿ ಒಂದು ಹನಿ ನೀರು ಬರಬೇಕಾಗಿತ್ತು, ಇಲ್ಲವೇ ಕಿರುಬೆರಳು ಅಲುಗಬೇಕಾಗಿತ್ತು. ಏನೂ ಆಗಲಿಲ್ಲ. ವೈನಿ ಛಾವಣಿಯ ಕಡೆ ಕಣ್ಣಿಟ್ಟು ಉಸಿರಾಡುತ್ತಿದ್ದರು. ಆದರೆ ಸರ್ ಕೈಯಲ್ಲಿದ್ದ ಬ್ಯಾಟರಿಯನ್ನು ಕಪಾಟಿನಲ್ಲಿಟ್ಟು ಹೊರಗೆ ಹೋದರು. ಸಂಜೆ ನಮ್ಮ ಮನೆಗೆ ಬಂದು, ಚಪ್ಪಲಿ ಕೂಡ ಬಿಡದೆ ಪಡಸಾಲೆಯಲ್ಲಿ ಕೂತರು.

“ನೀವು ತರ್ಕದವ್ರು, ಹೇಳ್ರಿ,” ಎಂದರು. “ಆಕಿ ಒಳಗ ಇಲ್ಲ ಅಂತ ಇಟ್ಕೋರಿ. ಆಗ ನಾ ಹೇಳಿದ್ದೆಲ್ಲಾ ಖರೆ, ಯಾರಿಗೂ ನೋವಿಲ್ಲ. ಆದ್ರ ಆಕಿ ಹೋದಂಗಾತು. ಇನ್ನ ಆಕಿ ಒಳಗ ಅದಾಳ ಅಂತ ಇಟ್ಕೋರಿ. ಆಗ ಆಕಿ ಉಳಿದಂಗಾತು. ಆದ್ರ ನಾ ಹೇಳಿದ್ದೆಲ್ಲಾ ಆಕಿ ಕಿವ್ಯಾಗ ಬಿದ್ದದ, ಎಲ್ಲಾ ಮಂದಿ ಮುಂದ. ಈಗ ನಾ ಯಾವುದು ಆಗ್ಲಿ ಅಂತ ಬೇಡ್ಕೋಬೇಕು?”

ಉಭಯಸಂಕಟ ಎಂಬ ಪಾಠವನ್ನು ನಾನು ವರ್ಷ ವರ್ಷ ಕಲಿಸಿದ್ದೇನೆ. ಅದರ ಎರಡು ಕೊಂಬುಗಳ ನಡುವೆ ನುಸುಳಿ ಪಾರಾಗುವುದು ಹೇಗೆಂದು ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ನಿಜವಾದ ಸಂಕಟವನ್ನು ಹೊತ್ತು ನನ್ನ ಬಳಿ ಒಬ್ಬರು ಬಂದದ್ದು ಅದೇ ಮೊದಲು. ನಾನು ಚಹಾ ತರಿಸಿದೆ. ಅವರು ಅದನ್ನು ಆರಲು ಬಿಟ್ಟು, ಬೇಡಿಕೊಳ್ಳುವುದು ಎಂಬ ಶಬ್ದವನ್ನು ತಾವು ಬಳಸಿದ್ದು ರೂಢಿಯಿಂದ, ಅದಕ್ಕೆ ಅರ್ಥವಿಲ್ಲ ಎಂದು ತಿದ್ದುಪಡಿ ಹೇಳಿ ಎದ್ದು ಹೋದರು.

ಆಮೇಲೆ ಸರ್ ಬದಲಾದರು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಬದಲಾಗಲಿಲ್ಲ. ಮಾತಾಡಿಸಲು ಬಂದವರಿಗೆ ಅದೇ ಪಾಠ ಮಾಡಿದರು, ಅದೇ ಕಪ್ಪೆಯ ಉದಾಹರಣೆ ಕೊಟ್ಟರು. ಬದಲಾದದ್ದು ತರಗತಿ ನಡೆಯುವ ಜಾಗ. ಬಂದವರನ್ನು ಕೋಣೆಯಿಂದ ಹೊರಗೆ ಕರೆದು, ಪಡಸಾಲೆ ದಾಟಿಸಿ, ಮನೆಯ ಮುಂದಿನ ಕಟ್ಟೆಯ ಮೇಲೆ ಕೂಡಿಸಿಕೊಳ್ಳುವರು. ಕೋಣೆಯ ಕದ ಮುಂದೆ ಎಳೆದು ಬಂದು, ದನಿ ತಗ್ಗಿಸಿ, ಆಕಿಗೆ ಪ್ರಜ್ಞೆ ಅನ್ನುವುದು ಇಲ್ಲವೇ ಇಲ್ಲ ಎಂದು ಪಿಸುಗುಟ್ಟುವರು. ಯಾರಾದರೂ ಗಟ್ಟಿಯಾಗಿ ಪ್ರಶ್ನೆ ಕೇಳಿದರೆ ಮೆಲ್ಲಗೆ ಎಂದು ಕೈ ಸನ್ನೆ ಮಾಡುವರು. ಮೂರು ತಾಲ್ಲೂಕುಗಳ ಸಭೆಗಳಲ್ಲಿ ಮೈಕಿಲ್ಲದೆ ಗುಡುಗಿದ ಭೌತವಾದ ಈಗ ಕಟ್ಟೆಯ ಮೇಲೆ ಕಳ್ಳದನಿಯಲ್ಲಿ ನಡೆಯುತ್ತಿತ್ತು.

ನಾನು ತರ್ಕದವನು, ಸುಮ್ಮನಿರಲಾಗಲಿಲ್ಲ. ಯಾರೂ ಇಲ್ಲದ ಕೋಣೆಗೆ ಕೇಳಿಸಬಾರದೆಂದು ಯಾಕಿಷ್ಟು ಎಚ್ಚರಿಕೆ ಎಂದು ಕೇಳಿಯೇಬಿಟ್ಟೆ. ಸರ್ ಕದದ ಕಡೆ ಒಮ್ಮೆ ನೋಡಿದರು.

“ನಾ ಹೇಳೋದು ಖರೆ ಅದ,” ಎಂದರು. “ಆದ್ರ ಖರೆ ಅಂತ ಎಲ್ಲಾರ ಮುಂದ ಹೇಳಬೇಕೇನ್ರಿ?”

ಇನ್ನೊಂದು ಸಲ ಕೋಣೆಯ ಬಾಗಿಲಲ್ಲಿ ಅವರು ನಿಂತಿದ್ದನ್ನು ಕಂಡೆ. ಇಂಗಿನ ಡಬ್ಬಿ ಎಲ್ಲಿ ಇಟ್ಟಿದ್ದಿ ಎಂದು ವೈನಿಯನ್ನು ಕೇಳುತ್ತಿದ್ದರು. ತುಸು ನಿಂತರು. ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ತಡಕಾಡಿದರು. ಮತ್ತೆ ಬಾಗಿಲಿಗೆ ಬಂದು, ಸಿಕ್ಕಿತು ಎಂದು ಹೇಳಿ ಹೋದರು. ಗಂಟಲಿನ ಸ್ನಾಯುಗಳ ವಿಷಯವನ್ನು ನಾನು ಎತ್ತಲಿಲ್ಲ. ಜಗತ್ತಿನಲ್ಲಿ ಎಲ್ಲ ವಾದವನ್ನೂ ಗೆಲ್ಲಬೇಕೆಂದಿಲ್ಲ.

ಸರ್ ಹೋದದ್ದು ಅದೇ ಕಟ್ಟೆಯ ಮೇಲೆ, ಊಟ ಮಾಡಿ ಒರಗಿದವರು ಒರಗಿದಂತೆ. ಪಲ್ಯ ಕೊಡಲು ಬಂದ ಮಹಬೂಬಿ ನೋಡಿ ನನ್ನನ್ನು ಕೂಗಿದಳು. ಸಂಜೆಯ ಹೊತ್ತಿಗೆ ಭೂಸನೂರಿನವರೆಲ್ಲ ಬಂದರು. ಸತ್ತ ಮೇಲೆ ಇದು ಬರೀ ಮಾಲು, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಸರ್ ಎಲ್ಲರಿಗೂ ಹೇಳಿಟ್ಟಿದ್ದರು. ಜನ ಆ ಮಾತನ್ನು ಅಕ್ಷರಶಃ ಪಾಲಿಸಿದರು. ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು, ಹಣೆಯ ತುಂಬ ವಿಭೂತಿ ಬಳಿದರು, ಕೊರಳಿಗೆ ಹಾರ ಹಾಕಿದರು, ಭಜನೆಯವರಿಗೆ ಹೇಳಿಕಳಿಸಿದರು. ತಮ್ಮ ಸಿದ್ಧಾಂತದ ಪ್ರಕಾರವೇ ಅವರಿಗೆ ತಕರಾರು ಮಾಡಲು ದಾರಿ ಇರಲಿಲ್ಲ.

ತೊಡಕು ಎದ್ದದ್ದು ಒಳಗಿನ ಕೋಣೆಯ ವಿಷಯದಲ್ಲಿ. ಗಂಡ ತೀರಿಕೊಂಡರೆ ಹೆಂಡತಿಗೆ ಹೇಳಬೇಕು, ಕರೆತಂದು ಮುಖ ತೋರಿಸಬೇಕು, ಬಳೆ ತೆಗೆಯಬೇಕು. ಹೇಳುವವರು ಯಾರು? ಇಷ್ಟು ತಿಂಗಳು ಮಂಚದ ಮೇಲೆ ಬಾಗಿ ಅಕ್ಕಾ, ಅವ್ವಾ, ಕಾಕೂ ಎಂದು ಕೂಗಿದವರು ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಮೊದಲು ಬಾಯಿ ಬಿಟ್ಟವರು ಆ ಹಿರಿಯ ಅಣ್ಣನೇ. ಆಕಿಗೇನು ತಿಳಿಯುತ್ತದೆ, ಪ್ರಜ್ಞೆ ಇದ್ದರೆ ತಾನೆ ಎಂದರು. ಉಳಿದವರು ಅದನ್ನೇ ಕಾಯುತ್ತಿದ್ದವರಂತೆ ಹೌದು ಹೌದು ಎಂದರು. ರೆಪ್ಪೆ ಬಡಿದದ್ದನ್ನು ಗುರುತು ಎಂದವರು ಈಗ ಅದು ಬರೀ ನರದ ಆಟ ಎಂದರು. ಒಬ್ಬ ಹೆಣ್ಣುಮಗಳು ಕಪ್ಪೆಯ ಕಾಲಿನ ಉದಾಹರಣೆಯನ್ನು ಒಂದು ತಪ್ಪಿಲ್ಲದೆ ಒಪ್ಪಿಸಿದಳು. ಸರ್ ಅವರೇ ಹೇಳಿದ್ದಾರಲ್ಲ, ಅಷ್ಟು ಓದಿದವರು ಸುಳ್ಳು ಹೇಳುತ್ತಾರೆಯೇ ಎಂದು ಎಲ್ಲರೂ ಒಮ್ಮತಕ್ಕೆ ಬಂದರು. ಆಯುಷ್ಯವೆಲ್ಲ ಬಡಿದಾಡಿದರೂ ಒಬ್ಬನನ್ನೂ ಒಪ್ಪಿಸಲಾಗದ ಮನುಷ್ಯ, ಹಾರ ಹಾಕಿಸಿಕೊಂಡು ಗೋಡೆಗೆ ಒರಗಿ, ಒಂದು ಮಾತಾಡದೆ ಇಡೀ ಬಳಗವನ್ನು ಗೆದ್ದಿದ್ದರು. ಬದುಕಿದ್ದರೆ ಆ ಗೆಲುವನ್ನು ಅವರೇ ಒದ್ದು ಹೊರಗೆ ಹಾಕುತ್ತಿದ್ದರು.

ಬಳೆಯನ್ನಾದರೂ ತೆಗೆದುಬಿಡೋಣ, ಹೇಗೂ ತಿಳಿಯುವುದಿಲ್ಲ ಎಂದು ಯಾರೋ ಕೋಣೆಗೆ ಹೊರಟರು. ಮಹಬೂಬಿ ಹೊಸ್ತಿಲಲ್ಲಿ ಅಡ್ಡ ಕೂತಳು. ಅವಳು ಆ ಮನೆಯವಳಲ್ಲ, ಆ ಜಾತಿಯವಳಲ್ಲ, ಅಲ್ಲಿ ಅವಳ ಮಾತು ನಡೆಯಬೇಕಾಗಿಯೂ ಇರಲಿಲ್ಲ. “ಮಗ್ಗಲಾ ಹೊಳ್ಳಿಸೋ ಮುಂದ ಬಳಿ ಸಪ್ಪಳ ಆಗ್ತದರಿ. ಆಗ್ಲಿಲ್ಲಂದ್ರ ಆಕಿಗಿ ಗೊತ್ತಾಗ್ತದ,” ಎಂದಳು ಅಷ್ಟೇ. ಯಾರೂ ಅವಳನ್ನು ದಾಟಿ ಹೋಗಲಿಲ್ಲ. ಎರಡು ದಿನ ಬಿಟ್ಟು ವೈನಿಯನ್ನು ಭೂಸನೂರಿಗೆ ಕರೆದೊಯ್ಯುವುದೆಂದು ಅಣ್ಣ ತೀರ್ಮಾನಿಸಿದರು. ಹೇಳುವ ಕೆಲಸ ಮಾತ್ರ ನನ್ನ ತಲೆಗೆ ಬಂತು. ನೀವು ಸರ್ ಅವರ ದೋಸ್ತ, ಕಲಿತವರು, ಹೇಳಿದೆ ಎನ್ನುವ ಶಾಸ್ತ್ರ ಮುಗಿಸಿ ಬಂದುಬಿಡಿ ಎಂದು ಎಲ್ಲರೂ ಒತ್ತಾಯಿಸಿದರು.

ನಾನು ಒಳಗೆ ಹೋದೆ. ವೈನಿಯ ಹೆರಳು ನೆಟ್ಟಗಿತ್ತು, ಬೆಳಿಗ್ಗೆ ಸರ್ ಹಾಕಿದ್ದು. ಹೊರಗೆ ಭಜನೆಯವರು ತಾಳಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನಾನು ಬರಲಿ ಎಂದು ಇಡೀ ಮನೆ ಕಾಯುತ್ತಿತ್ತು. ಇವರಿಗೆ ಅರಿವಿಲ್ಲ ಎಂದು ಡಾಕ್ಟರು ಹೇಳಿದ್ದಾನೆ, ಸರ್ ಹೇಳಿದ್ದಾರೆ, ಈಗ ಊರೂ ಹೇಳುತ್ತಿದೆ. ನಾನು ಮಂಚದ ಬಳಿ ಬಾಗಿದೆ.

“ವೈನಿ, ಸರ್ ಅಫಜಲಪುರಕ್ಕ ಹೋಗ್ಯಾರ್ರಿ. ಹಳೇ ಹುಡುಗರು ಸನ್ಮಾನ ಇಟ್ಟಾರ. ಬರೋದು ಜರಾ ತಡಾ ಆಗ್ತದ.”

ಹೇಳಿದ್ದಾಯಿತು, ಹೊರಗೆ ಹೋಗಬಹುದಾಗಿತ್ತು. ಆದರೆ ನಾನು ಹೋಗಲಿಲ್ಲ. ವೈನಿ ನನ್ನ ಮಾತನ್ನು ನಂಬಿದರೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತ ನಿಂತುಕೊಂಡೆ.